ಸ್ಟಾಲಿನ್‌ಗ್ರಾಡ್‌ನ ಒಂದು ಬೀದಿಯನ್ನು ಮೇಜಿನ ಮೇಲೆ ಕಟ್ಟುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಕೋಣೆಯ ಮೇಜಿನ ಮೇಲೆ 1942ರ ಶರತ್ಕಾಲದ ಸ್ಟಾಲಿನ್‌ಗ್ರಾಡ್‌ನ ಒಂದು ಮೂಲೆ ಇದೆ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಮತ್ತು ಸೋವಿಯತ್ ಸೇನೆಗಳು ಹೊಡೆದಾಡಿದ ರಷ್ಯಾದ ಊರು ಅದು. ಒಂದು ಇಟ್ಟಿಗೆ ಮನೆಯ ಅರ್ಧ, ಅದರ ಮುಂದೆ ಟ್ರಾಮ್ ಹಳಿ, ಒಂದು ಟ್ಯಾಂಕ್, ಒಂಬತ್ತು ಜನ. ಟ್ಯಾಂಕ್ ಮತ್ತು ಜನ ಕಿಟ್‌ನಿಂದ, ಅಂದರೆ ಜೋಡಿಸುವ ಪ್ಲಾಸ್ಟಿಕ್ ತುಂಡುಗಳ ಪೆಟ್ಟಿಗೆಯಿಂದ ಬಂದವರು. ಮಿಕ್ಕಿದ್ದೆಲ್ಲ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್), ಕಾವಿ ಪುಡಿ, ಊದುಬತ್ತಿ ಕಡ್ಡಿ, ಹಳೆಯ ತಂತಿ. ನೋಡಲು ಬಂದವರು ಕೇಳಿದ, ಊರೂರಿಂದ ಬರೆದು ಕೇಳಿದ ಪ್ರಶ್ನೆಗಳಲ್ಲಿ ಮತ್ತೆ ಮತ್ತೆ ಬಂದವನ್ನು ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇನೆ. ಹೊಸಬರ ಪ್ರಶ್ನೆಗಳು ಮೊದಲು, ಕೈ ಪಳಗಿದವರವು ಕೊನೆಗೆ.

## ಶುರು ಮಾಡುವ ಮುನ್ನ

ಡಯೋರಾಮಾ ಅಂದರೆ ಏನು? ಒಂದು ಟ್ಯಾಂಕ್ ಮಾಡೆಲ್ ಮಾಡಿ ಇಟ್ಟರೆ ಸಾಲದಾ?

ಟ್ಯಾಂಕ್ ಮಾಡೆಲ್ ಒಂದು ವಸ್ತು. ಡಯೋರಾಮಾ ಪುಟ್ಟ ಅಳತೆಯಲ್ಲಿ ಕಟ್ಟಿದ ಒಂದು ಜಾಗ, ಒಂದು ಗಳಿಗೆ. ದಸರೆಗೆ ಗೊಂಬೆ ಕೂರಿಸುವ ಮನೆಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಟ್ಟದ ಗೊಂಬೆ ಒಂದು ಕಡೆ, ಕೆಳಗೆ ರಾಗಿ ಪೈರಿನ ಪಾರ್ಕು, ಕನ್ನಡಿಯ ಕೆರೆ, ಸಂತೆ ಇನ್ನೊಂದು ಕಡೆ. ಆ ಸಂತೆಯಲ್ಲಿ ಯಾರು ಯಾರ ಕಡೆ ತಿರುಗಿ ನಿಂತಿದ್ದಾರೆ ಅನ್ನುವುದರಿಂದಲೇ ಕಥೆ ಹುಟ್ಟುತ್ತದೆ. ಡಯೋರಾಮಾದ ಕೆಲಸವೂ ಅದೇ, ಅಳತೆ ಮಾತ್ರ ಕಟ್ಟುನಿಟ್ಟು.

ಇಷ್ಟೊಂದು ಊರುಗಳಿರುವಾಗ ಸ್ಟಾಲಿನ್‌ಗ್ರಾಡೇ ಯಾಕೆ?

ಈ ಕಾಳಗದಲ್ಲಿ ಊರೇ ರಣರಂಗ. ವೋಲ್ಗಾ ನದಿಯ ಪಶ್ಚಿಮ ದಡಕ್ಕೆ ಅಂಟಿಕೊಂಡು ಉದ್ದಕ್ಕೆ ಹಬ್ಬಿದ ಪಟ್ಟಣ ಅದು. 1939ರ ಜನಗಣತಿಯಲ್ಲಿ ಅಲ್ಲಿ ಸುಮಾರು 4 ಲಕ್ಷ 45 ಸಾವಿರ ಜನ ಇದ್ದರು. 1942ರ ಆಗಸ್ಟ್ 23ರ ವಿಮಾನ ದಾಳಿಯಲ್ಲಿ ಊರು ಹೊತ್ತಿ ಉರಿಯಿತು. ಸೆಪ್ಟೆಂಬರ್ 14ಕ್ಕೆ ಜರ್ಮನ್ ಸೇನೆ ನಡು ಊರಿಗೆ ನುಗ್ಗಿತು. ಅದೇ ರಾತ್ರಿ ಸೋವಿಯತ್ ಜನರಲ್ ರೊಡಿಮ್ತ್ಸೆವ್ ಅವರ 13ನೇ ಗಾರ್ಡ್ಸ್ ಡಿವಿಜನ್ ದೋಣಿಗಳಲ್ಲಿ ನದಿ ದಾಟತೊಡಗಿತು. ಆಮೇಲೆ ತಿಂಗಳುಗಟ್ಟಲೆ ಹೊಡೆದಾಟ ನಡೆದದ್ದು ಮನೆಗಾಗಿ, ಮಹಡಿಗಾಗಿ, ಮೆಟ್ಟಿಲಿಗಾಗಿ. ನವೆಂಬರ್ 19ರಂದು ಸೋವಿಯತ್ ಸೇನೆ ಜರ್ಮನರನ್ನು ಹೊರಗಿನಿಂದ ಸುತ್ತುವರಿಯಲು ಆರಂಭಿಸಿತು, 1943ರ ಫೆಬ್ರವರಿ 2ಕ್ಕೆ ಕಾಳಗ ಮುಗಿಯಿತು.

ಡಯೋರಾಮಾ ಮಾಡುವವರಿಗೆ ಇಲ್ಲಿ ಒಂದು ಅನುಕೂಲವೂ ಇದೆ. ಊರಿನ ಫೋಟೊಗಳು ಹೇರಳವಾಗಿವೆ. ಕೆಂಪು ಇಟ್ಟಿಗೆಯ ಗೆರ್ಗಾರ್ಡ್ ಹಿಟ್ಟಿನ ಗಿರಣಿಯನ್ನು ಇಂದಿಗೂ ಹಾಗೇ ಪಾಳಾಗಿ ಉಳಿಸಿಕೊಂಡಿದ್ದಾರೆ. ಊರಿನ ಈಗಿನ ಹೆಸರು ವೋಲ್ಗೊಗ್ರಾಡ್. ಗಿರಣಿಯ ಪಕ್ಕದಲ್ಲೇ ಪನೋರಮಾ ಮ್ಯೂಸಿಯಂ ಇದೆ. ಅಲ್ಲಿನ ದುಂಡು ಚಿತ್ರದ ಎತ್ತರ 16 ಮೀಟರ್, ಉದ್ದ 120 ಮೀಟರ್.

ನಾನು ಇದುವರೆಗೆ ಒಂದೂ ಮಾಡೆಲ್ ಮಾಡಿಲ್ಲ ಸರ್. ಸೀದಾ ಇದಕ್ಕೆ ಕೈ ಹಾಕಬಹುದಾ?

ಧಾರಾಳವಾಗಿ. ಆದರೆ ಬೀದಿ ಬೇಡ, ಒಂದು ಗೋಡೆ ಸಾಕು. ಟೀ ತಟ್ಟೆಯಷ್ಟು ಅಗಲದ ಹಲಗೆ, ಅದರ ಮೇಲೆ ಒಂದು ಕಿಟಕಿ ಇರುವ ಮುರಿದ ಗೋಡೆ, ಕೆಳಗೆ ಬಿದ್ದ ಇಟ್ಟಿಗೆ, ಒಬ್ಬ ಮನುಷ್ಯ. ಇಟ್ಟಿಗೆ ಕೊರೆಯುವುದು, ಒಡೆಯುವುದು, ಬಣ್ಣ, ಧೂಳು, ಬೊಂಬೆ ಎಲ್ಲವನ್ನೂ ಇದು ಕಲಿಸುತ್ತದೆ. ಹಾಳಾದರೆ ಹೋಗುವುದು ಎರಡು ಭಾನುವಾರ.

1/35 ಒಳ್ಳೇದೋ 1/72 ಒಳ್ಳೇದೋ?

ಮೊದಲು ನಿಮ್ಮ ಮನೆಯ ಶೆಲ್ಫ್ ಅಳೆಯಿರಿ. 1/35 ಅಂದರೆ ನಿಜದ ಅಳತೆಯ ಮೂವತ್ತೈದರಲ್ಲಿ ಒಂದು ಪಾಲು, 1/72 ಅಂದರೆ ಎಪ್ಪತ್ತೆರಡರಲ್ಲಿ ಒಂದು ಪಾಲು. 1/35ರಲ್ಲಿ 1.7 ಮೀಟರ್ ಎತ್ತರದ ಮನುಷ್ಯ ಸುಮಾರು 49 ಮಿ.ಮೀ., 1/72ರಲ್ಲಿ 24 ಮಿ.ಮೀ. ಒಂದು ಮಹಡಿಗೆ 3.2 ಮೀಟರ್ ಹಿಡಿದರೆ 1/35ರಲ್ಲಿ 91 ಮಿ.ಮೀ., 1/72ರಲ್ಲಿ 44 ಮಿ.ಮೀ. ಅಂದರೆ ನಾಲ್ಕು ಮಹಡಿಯ ಮನೆ 1/35ರಲ್ಲಿ ಛಾವಣಿ ಬಿಟ್ಟೇ 36 ಸೆಂ.ಮೀ. ದಾಟುತ್ತದೆ.

40×30 ಸೆಂ.ಮೀ. ಹಲಗೆ 1/35ರಲ್ಲಿ ಬರೀ 14×10.5 ಮೀಟರ್ ಜಾಗ, ಅಂದರೆ ಒಂದು ಮನೆಯ ಮೂಲೆ ಮತ್ತು ಅರ್ಧ ರಸ್ತೆ. ಅದೇ ಹಲಗೆ 1/72ರಲ್ಲಿ ಸುಮಾರು 29×22 ಮೀಟರ್, ಒಂದು ಪುಟ್ಟ ಚೌಕವೇ ಕೂರುತ್ತದೆ. ಮುಖಭಾವ, ಬಟ್ಟೆಯ ಸುಕ್ಕು, ಮನೆಯೊಳಗಿನ ಸಾಮಾನು ಮುಖ್ಯವಾದರೆ 1/35. ಊರು ಮುಖ್ಯವಾದರೆ 1/72. ನಾನು 1/35ರವನು. ಮನೆಯೊಳಗೆ ಯಾರು ಬದುಕಿದ್ದರು ಅನ್ನುವುದು ನನಗೆ ಬೇಕು.

ನಮ್ಮೂರಲ್ಲಿ ಹಾಬಿ ಅಂಗಡಿಯೇ ಇಲ್ಲ. ಸಾಮಾನು ಎಲ್ಲಿಂದ ತರಲಿ?

ಹಾರ್ಡ್‌ವೇರ್ ಅಂಗಡಿ, ಸ್ಟೇಷನರಿ ಅಂಗಡಿ, ಅಡಿಗೆಮನೆ. ಕಟ್ಟಡದ ಮಟ್ಟಿಗೆ ಇವು ಮೂರೇ ಸಾಕು.

ಗೋಡೆಗೆ ಪಿಒಪಿ. ಅದಕ್ಕೆ ಬಣ್ಣ ಕೊಡಲು ಹೊಸ್ತಿಲಿಗೆ ಬಳಿಯುವ ಕಾವಿ ಅಥವಾ ನೆಲಕ್ಕೆ ಹಾಕುವ ರೆಡ್ ಆಕ್ಸೈಡ್. ಅಚ್ಚಿಗೆ ಸನ್‌ಬೋರ್ಡ್ ಅನ್ನುವ ಹಗುರ ಫೋಮ್ ಹಲಗೆ. ತೊಲೆ, ಹಲಗೆಗೆ ಐಸ್‌ಕ್ರೀಂ ಕಡ್ಡಿ, ಬೆಂಕಿಕಡ್ಡಿ. ತೆಳು ಪಟ್ಟಿಗೆ ಊದುಬತ್ತಿಯ ಬಿದಿರು ಕಡ್ಡಿಯನ್ನು ಸೀಳಿ. ವಿದ್ಯುತ್ ವೈರ್‌ನ ಒಳಗಿನ ತಾಮ್ರದ ಎಳೆ ಟ್ರಾಮ್ ತಂತಿಗೂ ಮಂಚದ ಸರಳಿಗೂ ಆಗುತ್ತದೆ. ಛಾವಣಿಯ ತಗಡಿಗೆ ಟೂತ್‌ಪೇಸ್ಟ್ ಟ್ಯೂಬನ್ನು ಕತ್ತರಿಸಿ ತೊಳೆದಿಡಿ. ಧೂಳಿಗೆ ಬಿಳಿ ರಂಗೋಲಿ ಪುಡಿ, ಇಟ್ಟಿಗೆ ಪುಡಿ. ಅಂಟಿಗೆ ಫೆವಿಕಾಲ್, ಗಟ್ಟಿ ಜಾಗಕ್ಕೆ ಎಂ-ಸೀಲ್. ಹತ್ಯಾರಗಳಲ್ಲಿ ಸ್ಟೀಲ್ ಸ್ಕೇಲ್, ಕಟರ್, ಕಂಪಾಸಿನ ಮುಳ್ಳು, ಇಂಕು ಮುಗಿದ ಬಾಲ್‌ಪೆನ್. ಬೊಂಬೆ, ಟ್ಯಾಂಕ್, ಅಕ್ರಿಲಿಕ್ ಬಣ್ಣ ಮಾತ್ರ ತರಿಸಿಕೊಳ್ಳಬೇಕಾದೀತು.

ಎಷ್ಟು ದಿನ ಹಿಡಿಯತ್ತೆ?

ಮೊದಲ ಗೋಡೆಗೆ ಎರಡು ವಾರಾಂತ್ಯ. ಬೀದಿಯ ಮೂಲೆಗೆ ನನಗೆ ಹದಿನಾಲ್ಕು ತಿಂಗಳು ಹಿಡಿಯಿತು. ಅದರಲ್ಲಿ ನಾಲ್ಕು ತಿಂಗಳು ಬರೀ ಫೋಟೊ ನೋಡಿದೆ.

ಮಗಳಿಗೆ ಹತ್ತು ವರ್ಷ. ಜೊತೆಗೆ ಕೂರಿಸಿಕೊಳ್ಳಬಹುದಾ?

ಇಟ್ಟಿಗೆ ಕೊರೆಯುವುದಕ್ಕೆ, ಬಣ್ಣ ಬಳಿಯುವುದಕ್ಕೆ ಮಕ್ಕಳ ಕೈಯೇ ಚೆನ್ನ. ಕಟರ್ ನಿಮ್ಮ ಕೈಯಲ್ಲಿರಲಿ. ಪಿಒಪಿ ಪುಡಿ, ಉಜ್ಜಿದ ಧೂಳು ಮೂಗಿಗೆ ಹೋಗಬಾರದು, ಇಬ್ಬರೂ ಮಾಸ್ಕ್ ಹಾಕಿ. ಇನ್ನೊಂದು ಮಾತು ಮುಖ್ಯ: ಕಲಸಿದ ಪಿಒಪಿಯೊಳಗೆ ಕೈ ಮುಳುಗಿಸಿ ಇಡಲು ಬಿಡಬೇಡಿ. ಗಟ್ಟಿಯಾಗುವಾಗ ಅದು ಬಿಸಿಯಾಗುತ್ತದೆ, ದಪ್ಪಗಿದ್ದರೆ ಚರ್ಮ ಸುಡುವಷ್ಟು. ಮಿಕ್ಕ ಪಿಒಪಿಯನ್ನು ಸಿಂಕಿಗೆ ಸುರಿದರೆ ಪೈಪ್ ಕಟ್ಟಿಕೊಳ್ಳುತ್ತದೆ.

## ಗೋಡೆ, ಇಟ್ಟಿಗೆ, ಪಾಳು

ಹೇಗೂ ಮುರಿದ ಮನೆ ತಾನೇ? ಮುರಿದ ಹಾಗೇ ಕಟ್ಟಿದರೆ ಆಗಲ್ವಾ, ಪೂರ್ತಿ ಕಟ್ಟಿ ಒಡೆಯೋದು ಯಾಕೆ?

ಈ ಪ್ರಶ್ನೆಗೆ ನಾನು ಯಾವತ್ತೂ ಉದ್ದವಾಗಿಯೇ ಉತ್ತರ ಕೊಡುತ್ತೇನೆ.

ನನ್ನ ಮೊದಲ ಡಯೋರಾಮಾದಲ್ಲಿ ಗೋಡೆಯ ಮೇಲಂಚನ್ನು ಅಂಕುಡೊಂಕಾಗಿ ಕತ್ತರಿಸಿ, ಎರಡು ತೂತು ಕೊರೆದು, ಕೆಳಗೆ ಕಲ್ಲು ಸುರಿದಿದ್ದೆ. ಅಕ್ಕಪಕ್ಕದವರೆಲ್ಲ ಮೆಚ್ಚಿದರು. ಮನೆ ಕಟ್ಟುವ ಮೇಸ್ತ್ರಿಯೊಬ್ಬರು ಬಂದು ನೋಡಿ, "ಈ ಮನೆಗೆ ಮೆಟ್ಟಿಲು ಎಲ್ಲಿತ್ತು?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಎರಡನೇ ಮಹಡಿಯ ನೆಲ ಯಾವ ಎತ್ತರದಲ್ಲಿತ್ತು, ತೊಲೆ ಯಾವ ಗೋಡೆಯ ಮೇಲೆ ಕೂತಿತ್ತು, ಒಲೆಯ ಹೊಗೆ ಎಲ್ಲಿಂದ ಹೋಗುತ್ತಿತ್ತು, ಯಾವುದೂ ಗೊತ್ತಿರಲಿಲ್ಲ. ಅದು ಯಾರೂ ಬದುಕದ ಮನೆಯ ಪಾಳು.

ಅಂದಿನಿಂದ ಮೊದಲು ಪೂರ್ತಿ ಮನೆಯ ನಕ್ಷೆ ಬರೆಯುತ್ತೇನೆ: ಕೋಣೆ, ಅಡಿಗೆಮನೆ, ಮೆಟ್ಟಿಲು, ಬಾಗಿಲು ತೆರೆಯುವ ದಿಕ್ಕು. ಆಮೇಲೆ ಬಾಂಬು ಅಥವಾ ಶೆಲ್ಲು ಯಾವ ಕಡೆಯಿಂದ ಬಂತು ಅಂತ ತೀರ್ಮಾನ. ಕಟ್ಟಡ ಬೀಳುವುದಕ್ಕೂ ನಿಯಮ ಇದೆ. ಕಿಟಕಿಗಳ ನಡುವಿನ ಕಂಬದಂಥ ಗೋಡೆ ಮುರಿದರೆ ಅದರ ಮೇಲಿನದೆಲ್ಲ ಇಳಿಯುತ್ತದೆ. ಮೂಲೆಗಳು ಎರಡು ಕಡೆಯ ಗೋಡೆಯ ಆಸರೆಯಿಂದ ಕೊನೆಯವರೆಗೆ ನಿಲ್ಲುತ್ತವೆ. ಹೊಗೆಗೂಡು ಒಂಟಿಯಾಗಿ ಉಳಿಯುತ್ತದೆ. ಮರದ ನೆಲ ಸುಟ್ಟು ಬಿದ್ದ ಕಡೆ ಗೋಡೆಯಲ್ಲಿ ಜಂತಿಯ ತುದಿ ಕೂತಿದ್ದ ಚೌಕ ಗೂಡುಗಳು ಸಾಲಾಗಿ ಕಾಣುತ್ತವೆ. ಆ ಸಾಲು ನೋಡಿದರೆ ಸಾಕು, ಇಲ್ಲೊಂದು ನೆಲ ಇತ್ತು, ಅದರ ಮೇಲೆ ಯಾರೋ ನಡೆದಾಡಿದ್ದರು ಅಂತ ನೋಡುವವರಿಗೆ ತಾನಾಗಿ ತಿಳಿಯುತ್ತದೆ.

ಒಡೆಯುವಾಗ ನಿಜವಾಗಿ ಸಂಕಟವಾಗುತ್ತದೆ. ವಾರಗಟ್ಟಲೆ ಕೊರೆದ ಗೋಡೆ. ಆ ಸಂಕಟದಲ್ಲಿ ಒಡೆದ ಗೋಡೆಗೂ, ಉಡಾಫೆಯಲ್ಲಿ ಕತ್ತರಿಸಿದ ಗೋಡೆಗೂ ಕಣ್ಣಿಗೆ ಕಾಣುವ ವ್ಯತ್ಯಾಸ ಇರುತ್ತದೆ.

ಗೋಡೆ ಎಷ್ಟು ದಪ್ಪ ಇರಬೇಕು?

ನೀವು ಅಂದುಕೊಂಡಿದ್ದಕ್ಕಿಂತ ಬಹಳ ದಪ್ಪ. ನಮ್ಮ ಕಡೆ ಒಂಬತ್ತು ಇಂಚಿನ ಗೋಡೆ ನೋಡಿ ಅಭ್ಯಾಸ. ರಷ್ಯಾದ ಚಳಿಗೆ ಅದು ಸಾಲದು. ಅಲ್ಲಿ ಹೊರಗೋಡೆಗೆ ಎರಡು ಅಥವಾ ಎರಡೂವರೆ ಇಟ್ಟಿಗೆಯ ದಪ್ಪ, ಅಂದರೆ 51 ಅಥವಾ 64 ಸೆಂ.ಮೀ. 1/35ರಲ್ಲಿ ಅದು 14.6 ಅಥವಾ 18.3 ಮಿ.ಮೀ.; 1/72ರಲ್ಲಿ 7 ಅಥವಾ 9 ಮಿ.ಮೀ. ಬಿಸ್ಕತ್ತಿನಷ್ಟು ತೆಳ್ಳಗಿನ ಮೂರು ಮಿ.ಮೀ. ಗೋಡೆಯೇ ಡಯೋರಾಮಾಗಳಲ್ಲಿ ನಾನು ಅತಿ ಹೆಚ್ಚು ಕಂಡ ತಪ್ಪು. ಕಿಟಕಿಯ ಆಳ ಸರಿಯಾದ ಕೂಡಲೇ ಮನೆಗೆ ತೂಕ ಬರುತ್ತದೆ, ಆ ಕಿಟಕಿಯ ಹಿಂದೆ ಮೆಷಿನ್‌ಗನ್ ಇಟ್ಟು ಕೂತವನಿಗೆ ಯಾಕೆ ಧೈರ್ಯ ಇತ್ತು ಅನ್ನುವುದೂ ತಿಳಿಯುತ್ತದೆ.

ಸಾವಿರಾರು ಇಟ್ಟಿಗೆಯನ್ನು ಒಂದೊಂದಾಗಿ ಅಂಟಿಸಬೇಕಾ ಸರ್?

ಬೇಡ. ಗೋಡೆಯನ್ನು ಹಲಗೆಯ ಹಾಗೆ ಎರಕ ಹೊಯ್ದು ಮೇಲೆ ಗೀರಬೇಕು.

ಗಾಜಿನ ಮೇಲೆ ಸ್ವಲ್ಪ ಕೊಬ್ಬರಿ ಎಣ್ಣೆ ಸವರಿ, ಸನ್‌ಬೋರ್ಡ್ ಪಟ್ಟಿಯಿಂದ ಚೌಕಟ್ಟು ಕಟ್ಟಿ. ಕಿಟಕಿ, ಬಾಗಿಲಿನ ಜಾಗಕ್ಕೆ ಸನ್‌ಬೋರ್ಡ್ ತುಂಡುಗಳನ್ನು ಮೊದಲೇ ಅಂಟಿಸಿ. ನೀರಿಗೆ ಪುಡಿ ಹಾಕಿ, ಪುಡಿಗೆ ನೀರಲ್ಲ. ಸುಮಾರು ಎರಡು ಲೋಟ ಪುಡಿಗೆ ಒಂದು ಲೋಟ ನೀರು, ಅದರಲ್ಲಿ ಮೊದಲೇ ಕದಡಿದ ಒಂದೆರಡು ಚಮಚ ರೆಡ್ ಆಕ್ಸೈಡ್. ಬಣ್ಣ ಒಳಗೇ ಇದ್ದರೆ ಎಲ್ಲಿ ಒಡೆದರೂ ಇಟ್ಟಿಗೆ ಬಣ್ಣವೇ ಕಾಣುತ್ತದೆ, ಬಿಳಿ ಗಾಯ ಕಾಣುವುದಿಲ್ಲ. ಅತಿಯಾಗಿ ಹಾಕಿದರೆ ಗೋಡೆ ಪುಡಿಯಾಗುತ್ತದೆ.

ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆಯಲ್ಲಿ ಅದು ಗಟ್ಟಿ ಬೆಲ್ಲದ ಹದಕ್ಕೆ ಬರುತ್ತದೆ. ಆಗ ಗೀರಿ. ಸೋವಿಯತ್ ಇಟ್ಟಿಗೆಯ ಅಳತೆ 250×120×65 ಮಿ.ಮೀ. 1/35ರಲ್ಲಿ ಅದು 7.1×3.4×1.9 ಮಿ.ಮೀ. ಗಾರೆ ಸೇರಿಸಿದರೆ ವರಸೆಯಿಂದ ವರಸೆಗೆ, ಅಂದರೆ ಇಟ್ಟಿಗೆಯ ಒಂದು ಸಾಲಿನಿಂದ ಮೇಲಿನ ಸಾಲಿಗೆ, 2.2 ಮಿ.ಮೀ. ಅಡ್ಡಗೆರೆಗಳನ್ನು ಸ್ಕೇಲ್ ಇಟ್ಟು ಕಂಪಾಸ್ ಮುಳ್ಳಿನಲ್ಲಿ, ಲಂಬಗೆರೆಗಳನ್ನು ಬರಿಗೈಯಲ್ಲಿ ಎಳೆಯಿರಿ. ಒಂದು ವರಸೆಯಲ್ಲಿ ಇಟ್ಟಿಗೆಯ ಉದ್ದ ಮುಖ, ಮುಂದಿನದರಲ್ಲಿ ಗಿಡ್ಡ ಮುಖ. ಎರಡು ಇಟ್ಟಿಗೆ ದಪ್ಪದ ಗೋಡೆಯಲ್ಲಿ ಗಿಡ್ಡ ಮುಖ ಕಾಣದಿದ್ದರೆ ಅದು ಬರೀ ಅಂಟಿಸಿದ ಟೈಲ್ಸ್. ಒಂದು ಮಹಡಿಗೆ ಸುಮಾರು 41 ವರಸೆ. ರೇಡಿಯೊ ಹಾಕಿಕೊಂಡು ಕೂತರೆ ಸಂಜೆ ಕಳೆದದ್ದೇ ತಿಳಿಯುವುದಿಲ್ಲ.

ಮುರಿದ ಅಂಚಿನ ಇಟ್ಟಿಗೆಗಳಿಗೆ ಮಾತ್ರ ಬೇರೆ ಎರಕದ ಬಿಡಿ ಇಟ್ಟಿಗೆ ಬೇಕು. ಎರಡು ಮಿ.ಮೀ. ದಪ್ಪದ ಹಾಳೆ ಹೊಯ್ದು, ಹಸಿ ಇರುವಾಗ ಕೊಬ್ಬರಿ ಮಿಠಾಯಿ ಕತ್ತರಿಸಿದ ಹಾಗೆ ಕತ್ತರಿಸಿ ಡಬ್ಬಿಗೆ ತುಂಬಿಡಿ. ಐನೂರು ಇಟ್ಟಿಗೆ ಒಂದೇ ಸಲಕ್ಕೆ.

ಬೇಕಾದ ಕಡೆ ಒಡೆಯದೆ ಇನ್ನೆಲ್ಲೋ ಬಿರುಕು ಬಿಡತ್ತೆ. ಏನು ಮಾಡಲಿ?

ಎರಡು ದಿನ ಒಣಗಿದ ಮೇಲೆ ಒಡೆಯಲು ಹೊರಟಿದ್ದೀರಿ ಅನಿಸುತ್ತದೆ. ಹದ ಇರುವಾಗಲೇ ಮುರಿಯುವ ಗೆರೆಯನ್ನು ಇಟ್ಟಿಗೆ ಸಂದಿಯ ಜಾಡಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಆಳಕ್ಕೆ ಗೀರಿ, ಆಮೇಲೆ ಮೇಜಿನ ಅಂಚಿಗೆ ಇಟ್ಟು ಅದುಮಿ. ಇಟ್ಟಿಗೆ ಗೋಡೆ ಬಿರಿಯುವುದು ಹೆಚ್ಚಾಗಿ ಗಾರೆಯ ಸಂದಿಯಲ್ಲೇ, ಹಾಗಾಗಿ ಅಂಚು ಹಲ್ಲು ಹಲ್ಲಾಗಿ ಕಾಣಬೇಕು. ಬೇಡದ ಕಡೆ ಬಿರಿದರೂ ಎಸೆಯಬೇಡಿ, ಬಾಂಬು ಬಿದ್ದ ಬೀದಿಯಲ್ಲಿ ಬಿರುಕಿಲ್ಲದ ಗೋಡೆ ಸಿಗುವುದು ಕಷ್ಟ. ಹಿಂದಿನಿಂದ ಫೆವಿಕಾಲ್ ಹಚ್ಚಿದ ಬಟ್ಟೆ ಅಂಟಿಸಿದರೆ ನಿಲ್ಲುತ್ತದೆ.

ನನ್ನ ಇಟ್ಟಿಗೆ ರಾಶಿ ಯಾಕೋ ಜಲ್ಲಿ ಸುರಿದ ಹಾಗೆ ಕಾಣತ್ತೆ.

ಜಲ್ಲಿ ಒಂದೇ ಗಾತ್ರದ್ದು, ಒಂದೇ ಬಣ್ಣದ್ದು. ಬಿದ್ದ ಮನೆಯ ರಾಶಿಯಲ್ಲಿ ಒಂದಕ್ಕೊಂದು ಅಂಟಿಕೊಂಡೇ ಇರುವ ಐದು ಹತ್ತು ಇಟ್ಟಿಗೆಯ ಹೆಂಟೆ, ಬಿಡಿ ಇಟ್ಟಿಗೆ, ಅರ್ಧ ಇಟ್ಟಿಗೆ, ಗಿಲಾವಿನ ಚಪ್ಪಡಿ, ಗಾರೆಯ ಪುಡಿ, ಮರ, ತಗಡು ಎಲ್ಲ ಇರುತ್ತದೆ. ಮೊದಲು ದೊಡ್ಡದನ್ನು ಕೂರಿಸಿ, ಸಂದಿಯಲ್ಲಿ ಚಿಕ್ಕದನ್ನು ತುಂಬಿ, ಮೇಲಿನಿಂದ ಧೂಳು ಉದುರಿಸಿ. ಆಮೇಲೆ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಸಿಂಪಡಿಸಿ, ತೆಳು ಮಾಡಿದ ಫೆವಿಕಾಲನ್ನು ಡ್ರಾಪರ್‌ನಲ್ಲಿ ಬಿಡಿ.

ಲೆಕ್ಕವೂ ತಾಳೆಯಾಗಬೇಕು. ಗೋಡೆಯಿಂದ ಕಾಣೆಯಾದದ್ದೆಲ್ಲ ಎಲ್ಲೋ ಕೆಳಗೆ ಬಿದ್ದಿರಲೇಬೇಕು. 1/35ರಲ್ಲಿ 20 ಸೆಂ.ಮೀ. ಅಗಲ, 9 ಸೆಂ.ಮೀ. ಎತ್ತರ, ಒಂದೂವರೆ ಸೆಂ.ಮೀ. ದಪ್ಪದ ಗೋಡೆ ಹೋಗಿದ್ದರೆ ಅದು 270 ಘನ ಸೆಂ.ಮೀ. ಒಡೆದು ರಾಶಿಯಾದಾಗ ನಡುವೆ ಗಾಳಿ ಸೇರಿ ಸುಮಾರು ಒಂದೂವರೆ ಪಟ್ಟು, 400 ಘನ ಸೆಂ.ಮೀ. ಅಂದರೆ ದೊಡ್ಡ ಎರಡು ಲೋಟ ತುಂಬ. ಒಂದು ಮುಷ್ಟಿ ಚೆಲ್ಲಿ ಸುಮ್ಮನಾದರೆ ಕಣ್ಣು ಒಪ್ಪುವುದಿಲ್ಲ, ಯಾಕೆ ಒಪ್ಪಲಿಲ್ಲ ಅಂತ ನೋಡುವವರಿಗೆ ಹೇಳಲು ಬಾರದಿದ್ದರೂ. ರಾಶಿ ಗೋಡೆಯ ಬುಡದಲ್ಲಿ ಎತ್ತರ, ರಸ್ತೆಯ ಕಡೆ ಇಳಿಜಾರು. ಮನೆಯೊಳಗೂ ಅಷ್ಟೇ ಬಿದ್ದಿರುತ್ತದೆ.

ಕಬ್ಬಿಣದ ಸರಳುಗಳನ್ನು ಎಲ್ಲೆಂದರಲ್ಲಿ ಚುಚ್ಚಬೇಡಿ. ಕಾಂಕ್ರೀಟು ಇದ್ದ ಕಡೆ ಮಾತ್ರ ಸರಳು. ಇಟ್ಟಿಗೆ ಗೋಡೆ, ಮರದ ನೆಲದ ಮನೆಯಲ್ಲಿ ಅದಕ್ಕೆ ಜಾಗವಿಲ್ಲ.

ಬೆಂಕಿ ಬಿದ್ದ ಮನೆಗೆ ಮಸಿ ಎಲ್ಲಿ ಬಳಿಯಬೇಕು?

ಕಿಟಕಿ, ಬಾಗಿಲಿನ ಮೇಲುಗಡೆ. ಒಳಗೆ ಉರಿದ ಬೆಂಕಿ ಹೊರಗೆ ನುಗ್ಗಿ ಮೇಲಕ್ಕೆ ನೆಕ್ಕುತ್ತದೆ. ಪ್ರತಿ ಕಿಟಕಿಯ ತಲೆಯ ಮೇಲೆ ನಾಲಗೆಯಾಕಾರದ ಕಪ್ಪು. ಕಿಟಕಿಯ ಕೆಳಗೆ ಮಸಿ ಬಳಿದ ಡಯೋರಾಮಾಗಳನ್ನು ಬಹಳ ನೋಡಿದ್ದೇನೆ. ಇದ್ದಿಲನ್ನು ನುಣ್ಣಗೆ ಅರೆದು ಒಣ ಬ್ರಷ್‌ನಲ್ಲಿ ಮೇಲ್ಮುಖವಾಗಿ ಉಜ್ಜಿ. ಉರಿ ಬಹಳ ಜೋರಾಗಿದ್ದ ಕಡೆ ಮಸಿಯೂ ಸುಟ್ಟು ಇಟ್ಟಿಗೆ ತೆಳು ಗುಲಾಬಿಗೆ ತಿರುಗಿರುತ್ತದೆ, ಅಂಥ ಒಂದೆರಡು ಜಾಗ ಬಿಡಿ.

ಮನೆ ಒಳಗೆ ಏನಿಡಲಿ?

ಕಡಿಮೆ ಇಡಿ, ಆದರೆ ಸರಿಯಾದದ್ದನ್ನು. ರಷ್ಯಾದ ಹಳೆಯ ಮನೆಗಳ ಒಳಗೋಡೆಗೆ ಡ್ರಾಂಕಾ ಅನ್ನುವ ತೆಳು ಮರದ ಪಟ್ಟಿಗಳನ್ನು ಓರೆಯಾಗಿ ಬಲೆಯ ಹಾಗೆ ಹೊಡೆದು ಮೇಲೆ ಗಿಲಾವು ಮಾಡುತ್ತಿದ್ದರು. ಗಿಲಾವು ಉದುರಿದ ಕಡೆ ಆ ಬಲೆ ಕಂಡರೆ ಮನೆ ಥಟ್ಟನೆ ರಷ್ಯಾದ್ದಾಗುತ್ತದೆ. ಸೀಳಿದ ಊದುಬತ್ತಿ ಕಡ್ಡಿ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಪ್ರತಿ ಕೋಣೆಯ ಗೋಡೆಗೆ ಬೇರೆ ಬಣ್ಣ ಕೊಡಿ, ಹೊರಗೋಡೆ ಬಿದ್ದಾಗ ಮಹಡಿ ಮಹಡಿಯಲ್ಲಿ ನೀಲಿ, ಹಸಿರು, ಹೂವಿನ ಕಾಗದ ಕಾಣಲಿ. ಬೆಂಕಿಯಲ್ಲೂ ಉಳಿಯುವುದು ಕಬ್ಬಿಣದ ಮಂಚ. ನನ್ನ ಮನೆಯ ಮೂರನೇ ಮಹಡಿಯ ಅಂಚಿನಲ್ಲಿ ಒಂದು ಮಗುವಿನ ಮಂಚ ಅರ್ಧ ಹೊರಗೆ ಜೋತಿದೆ. ನೋಡುವವರ ಕಣ್ಣು ಟ್ಯಾಂಕ್ ಬಿಟ್ಟು ಅಲ್ಲಿಗೇ ಹೋಗಿ ನಿಲ್ಲುತ್ತದೆ.

## ಬೀದಿ, ವಾಹನ, ಮನುಷ್ಯರು

ಟ್ರಾಮ್ ಹಳಿಗೆ ಆಟಿಕೆ ರೈಲಿನ ಹಳಿ ಹಾಕಬಹುದಾ?

ಅಗಲ ಕೂಡುವುದಿಲ್ಲ. ರಷ್ಯಾದ ಹಳಿಯ ಅಗಲ 1524 ಮಿ.ಮೀ., 1/35ರಲ್ಲಿ 43.5, 1/72ರಲ್ಲಿ 21 ಮಿ.ಮೀ. ಸಾಮಾನ್ಯವಾಗಿ ಸಿಗುವ ಎಚ್‌ಒ ಅಳತೆಯ ಆಟಿಕೆ ಹಳಿ 16.5 ಮಿ.ಮೀ. ಮಾತ್ರ. ಪ್ಲಾಸ್ಟಿಕ್ ಪಟ್ಟಿಯಿಂದ ನೀವೇ ಮಾಡಿ. ರಸ್ತೆಯಲ್ಲಿ ಹೂತ ಹಳಿಯಾದ್ದರಿಂದ ತಲೆಯಷ್ಟೇ ಕಂಡರೆ ಸಾಕು. ಮೇಲಿನ ತಂತಿ ಕಡಿದು ಬಿದ್ದು ಸುರುಳಿಯಾಗಿ ರಸ್ತೆಯಲ್ಲಿರಲಿ.

ನನ್ನ ಹತ್ತಿರ ಟೈಗರ್ ಟ್ಯಾಂಕ್ ಕಿಟ್ ಇದೆ. ಅದನ್ನೇ ಇಡಬಹುದಾ?

ಬೇಡ. ಸ್ಟಾಲಿನ್‌ಗ್ರಾಡ್‌ನ ಬೀದಿಗಳಲ್ಲಿ ಟೈಗರ್ ಇರಲಿಲ್ಲ. ಜರ್ಮನರ ಪ್ಯಾಂಥರ್ ಟ್ಯಾಂಕ್ ರಣರಂಗಕ್ಕೆ ಬಂದದ್ದು 1943ರ ಜುಲೈನಲ್ಲಿ, 85 ಮಿ.ಮೀ. ತೋಪಿನ ಸೋವಿಯತ್ ಟ್ಯಾಂಕ್ ಟಿ-34 ಬಂದದ್ದು 1944ರಲ್ಲಿ. ಇಲ್ಲಿಗೆ ಹೊಂದುವುದು ಜರ್ಮನರ ಪ್ಯಾಂಜರ್ 3, ಪ್ಯಾಂಜರ್ 4, ಸ್ಟುಗ್ 3, ಮತ್ತು 76 ಮಿ.ಮೀ. ತೋಪಿನ ಟಿ-34. ಕೊನೆಯದನ್ನು ಊರಿನ ಟ್ರ್ಯಾಕ್ಟರ್ ಕಾರ್ಖಾನೆಯಲ್ಲೇ ತಯಾರಿಸುತ್ತಿದ್ದರು. ರಬ್ಬರ್ ಅಭಾವದಿಂದ ಅಲ್ಲಿನ ಟಿ-34ಗಳಲ್ಲಿ ಹೊರಗೆ ರಬ್ಬರ್ ಇಲ್ಲದ ಉಕ್ಕಿನ ಚಕ್ರ ಹಾಕಿದ್ದುಂಟು. ಕಿಟ್ ಕೊಳ್ಳುವಾಗ ಚಕ್ರ ನೋಡಿ.

ಬಣ್ಣದಲ್ಲೂ ಎಚ್ಚರ ಬೇಕು. ಜರ್ಮನ್ ವಾಹನಗಳ ಕಡುಹಳದಿ ಬಣ್ಣಕ್ಕೆ ಆದೇಶ ಆದದ್ದು 1943ರ ಫೆಬ್ರವರಿಯಲ್ಲಿ. ಆ ಹೊತ್ತಿಗೆ ಇಲ್ಲಿಯ ಕಾಳಗವೇ ಮುಗಿದಿತ್ತು. ಹಾಗಾಗಿ ಕಡು ಬೂದು, ಅದರ ಮೇಲೆ ದಪ್ಪಗೆ ಇಟ್ಟಿಗೆ ಧೂಳು.

ಸೈನಿಕರ ಬಟ್ಟೆಯಲ್ಲಿ ಜನ ಏನು ತಪ್ಪು ಮಾಡ್ತಾರೆ?

ಭುಜಪಟ್ಟಿ. ಸೋವಿಯತ್ತಿನ ಕೆಂಪು ಸೇನೆಗೆ ಭುಜಪಟ್ಟಿ ಬಂದದ್ದು 1943ರ ಜನವರಿಯ ಆದೇಶದಿಂದ. 1942ರ ಶರತ್ಕಾಲದಲ್ಲಿ ದರ್ಜೆಯ ಗುರುತು ಕಾಲರಿನ ಮೇಲಿತ್ತು. ಕಿಟ್ ಬೊಂಬೆಗಳಲ್ಲಿ ಭುಜಪಟ್ಟಿ ಇದ್ದರೆ ಕೆತ್ತಿ ತೆಗೆಯಿರಿ. ಜರ್ಮನರ ಕೈಗೆ ಪ್ಯಾಂಜರ್‌ಫೌಸ್ಟ್ ಅನ್ನುವ ಟ್ಯಾಂಕ್ ಒಡೆಯುವ ಆಯುಧ ಕೊಡಬೇಡಿ, ಅದೂ 1943ರದ್ದು.

ಎರಡನೆಯದು ಸ್ವಚ್ಛತೆ. ವಾರಗಟ್ಟಲೆ ಇಟ್ಟಿಗೆ ಪುಡಿಯಲ್ಲಿ ತೆವಳಿದವರ ಮೊಣಕಾಲು, ಮೊಣಕೈ, ಬೂಟು ಬೀದಿಯ ಬಣ್ಣಕ್ಕೇ ತಿರುಗಿರುತ್ತವೆ. ನೆಲಕ್ಕೆ ಬಳಸಿದ ಅದೇ ಪುಡಿಯನ್ನು ಬೊಂಬೆಗೂ ಹಚ್ಚಿ.

ಹಿಮ ಹಾಕಬೇಕು ಅಂತ ಆಸೆ. ಅಡಿಗೆ ಸೋಡಾ ಆಗತ್ತಾ?

ಮೊದಲ ದಿನ ಚೆಂದ, ಕಾಲಕ್ರಮೇಣ ಹಳದಿ. ಅಮೃತಶಿಲೆಯ ಪುಡಿಗೆ ಫೆವಿಕಾಲ್, ಚೂರು ಬಿಳಿ ಅಕ್ರಿಲಿಕ್ ಬೆರೆಸಿ ಹಚ್ಚಿ, ಹಸಿ ಇರುವಾಗಲೇ ಒಣ ಪುಡಿಯನ್ನು ಟೀ ಸೋಸುವ ಜರಡಿಯಲ್ಲಿ ಉದುರಿಸಿ.

ಆದರೆ ಮೊದಲು ತಿಂಗಳು ಗೊತ್ತು ಮಾಡಿ. ಸೆಪ್ಟೆಂಬರ್ ಅಂದರೆ ಬಿಸಿಲು, ಹೊಗೆ, ಧೂಳು. ನವೆಂಬರ್‌ನಲ್ಲಿ ನದಿಯ ಮೇಲೆ ಮಂಜುಗಡ್ಡೆಯ ಚಪ್ಪಡಿಗಳು ತೇಲಿ ಬಂದು ದೋಣಿ ಸಾಗದೆ ಸೋವಿಯತ್ ಪಡೆ ಪಡಬಾರದ ಪಾಡು ಪಟ್ಟಿತು. ವೋಲ್ಗಾ ಮೇಲೆ ನಡೆಯುವಷ್ಟು ಹೆಪ್ಪುಗಟ್ಟಿದ್ದು ಡಿಸೆಂಬರ್ ಮಧ್ಯದಲ್ಲಿ.

ಸಾವಿರಾರು ಜನ ಸತ್ತ ಜಾಗವನ್ನು ಶೋಕೇಸಿನ ಗೊಂಬೆ ಮಾಡೋದು ಸರಿಯಾ?

ಕೇಳಬೇಕಾದ ಪ್ರಶ್ನೆ, ಪ್ರತಿ ಸಲ ಹೊಸದಾಗಿ ಯೋಚಿಸಿ ಉತ್ತರಿಸುತ್ತೇನೆ. ಈ ಕಾಳಗದ ನಡುವೆ ಸಾವಿರಾರು ಮಂದಿ ಊರ ಜನ ನೆಲಮಾಳಿಗೆಗಳಲ್ಲಿ, ಕೊರಕಲುಗಳಲ್ಲಿ ಸಿಕ್ಕಿಕೊಂಡಿದ್ದರು. ಟ್ಯಾಂಕನ್ನು ಮಾತ್ರ ಮಾಡಿ ಅವರನ್ನು ಬಿಟ್ಟರೆ ಅದು ಆಟಿಕೆ. ನನ್ನ ಒಂಬತ್ತು ಬೊಂಬೆಗಳಲ್ಲಿ ಮೂವರು ಊರಿನವರು: ಬಕೆಟ್ ಹಿಡಿದು ನೀರಿಗೆ ಹೊರಟ ಹೆಂಗಸು, ನೆಲಮಾಳಿಗೆಯ ಕಿಂಡಿಯಿಂದ ಇಣುಕುವ ಇಬ್ಬರು ಮಕ್ಕಳು. ರಕ್ತ, ಛಿದ್ರ ದೇಹ ನಾನು ತೋರಿಸುವುದಿಲ್ಲ. ಖಾಲಿ ಮಂಚ, ಒಂಟಿ ಬೂಟು ಸಾಕು. ಗೆದ್ದ ಹೆಮ್ಮೆಯ ಭಂಗಿಯ ಬೊಂಬೆಗಳನ್ನು, ಯಾವ ಪಕ್ಷದವರದ್ದಾಗಲಿ, ಪಾಳುಮನೆಯ ಮುಂದೆ ನಿಲ್ಲಿಸುವುದಿಲ್ಲ.

## ಕೈ ಪಳಗಿದವರಿಗೆ

ಪಾವ್ಲೋವ್ ಮನೆಯನ್ನೇ ಮಾಡಬೇಕು ಅಂತಿದ್ದೇನೆ. ನಕ್ಷೆ ಸಿಗದಿದ್ದರೆ ಅಳತೆ ಹೇಗೆ?

ಫೋಟೊದಲ್ಲಿ ಇಟ್ಟಿಗೆ ಎಣಿಸಿ. 65 ಮಿ.ಮೀ. ಇಟ್ಟಿಗೆ, 12 ಮಿ.ಮೀ. ಗಾರೆ, ಒಂದು ಮೀಟರ್ ಎತ್ತರಕ್ಕೆ 13 ವರಸೆ. ಕಿಟಕಿಯ ಪಕ್ಕ 26 ವರಸೆ ಸಿಕ್ಕರೆ ಕಿಟಕಿ ಎರಡು ಮೀಟರ್. ಗಿಲಾವು ಇರುವ ಗೋಡೆಯಾದರೆ ಬಾಗಿಲಲ್ಲಿ ನಿಂತ ಮನುಷ್ಯನನ್ನೋ ಪಕ್ಕದ ವಾಹನವನ್ನೋ ಅಳತೆಗೋಲು ಮಾಡಿಕೊಳ್ಳಿ. ಟಿ-34ರ ಅಗಲ 3 ಮೀಟರ್, ಎತ್ತರ ಸುಮಾರು 2.4 ಮೀಟರ್.

ಪಾವ್ಲೋವ್ ಮನೆ ಅಂದರೆ ಜನವರಿ 9ರ ಚೌಕಕ್ಕೆ ಮುಖ ಮಾಡಿದ್ದ ನಾಲ್ಕು ಮಹಡಿಯ ವಸತಿ ಕಟ್ಟಡ. ಸಾರ್ಜೆಂಟ್ ಯಾಕೊವ್ ಪಾವ್ಲೋವ್ ಅವರ ಹೆಸರಿನಲ್ಲಿ ಪ್ರಸಿದ್ಧವಾಯಿತು. ಸೋವಿಯತ್ ಸೈನಿಕರು ಅದನ್ನು 58 ದಿನ ಹಿಡಿದಿಟ್ಟರು ಅಂತ ಹೇಳುತ್ತಾರೆ. ಕಟ್ಟುವವರು ಅದರ ಮುಂದಿನ ಕಥೆಯನ್ನೂ ತಿಳಿದಿರಬೇಕು. 1943ರಲ್ಲಿ ಶಿಶುವಿಹಾರದಲ್ಲಿ ಕೆಲಸಕ್ಕಿದ್ದ ಅಲೆಕ್ಸಾಂದ್ರಾ ಚೆರ್ಕಾಸೊವಾ ಎಂಬವರು ಹೆಂಗಸರ ಒಂದು ತಂಡ ಕಟ್ಟಿಕೊಂಡು, ಬಿಡುವಿನ ವೇಳೆಯಲ್ಲಿ ಸಂಬಳವಿಲ್ಲದೆ, ಈ ಮನೆಯ ದುರಸ್ತಿಗೆ ಕೈ ಹಾಕಿದರು. ಆ ಹೆಂಗಸರು ರಾಶಿಯಿಂದ ಇಟ್ಟಿಗೆ ಆರಿಸಿ ಪೇರಿಸುವ ದೃಶ್ಯವನ್ನು ಯಾರಾದರೂ ಮಾಡಲಿ ಅಂತ ನನ್ನ ಬಹುದಿನದ ಆಸೆ.

ಇಟ್ಟಿಗೆ ಮನೆ ಬಿಟ್ಟು ಬೇರೆ ಏನಾದರೂ ಮಾಡಬಹುದಾ? ಎಲ್ಲರೂ ಅದನ್ನೇ ಮಾಡ್ತಾರೆ.

ಮರದ ಮನೆಗಳ ಬಡಾವಣೆ ಮಾಡಿ. ಊರಿನ ಎಷ್ಟೋ ಭಾಗದಲ್ಲಿ ಇದ್ದದ್ದು ಮರದ ಪುಟ್ಟ ಮನೆಗಳು. ಬೆಂಕಿಗೆ ಗೋಡೆ, ಛಾವಣಿ, ಬೇಲಿ ಎಲ್ಲ ಬೂದಿಯಾಗಿ, ಒಲೆ ಮತ್ತು ಅದರ ಇಟ್ಟಿಗೆ ಹೊಗೆಗೂಡು ಮಾತ್ರ ಉಳಿದವು. ಬಯಲಿನಲ್ಲಿ ಸಾಲು ಸಾಲು ಹೊಗೆಗೂಡು. 1/72ರಲ್ಲಿ ಹತ್ತು ಹನ್ನೆರಡು ಹೊಗೆಗೂಡು, ಬೂದಿಯ ಚೌಕಗಳು, ಒಂದು ಕಬ್ಬಿಣದ ಗೇಟು, ನಡುವೆ ಒಂದು ಕಾಲುದಾರಿ. ಕೆಲಸ ಕಡಿಮೆ. ಆದರೆ ಅಷ್ಟು ಮನಸ್ಸು ಕಲಕುವ ಡಯೋರಾಮಾ ನಾನು ಇನ್ನೊಂದು ಮಾಡಿಲ್ಲ.

ಜಾಗ ಒಂದೂವರೆ ಅಡಿ. ಬೀದಿ ಉದ್ದಕ್ಕೆ ಕಾಣಬೇಕು. ಸಾಧ್ಯಾನಾ?

ಮುಂದೆ 1/35, ನಡುವೆ 1/48, ಹಿಂದೆ 1/72. ಎಡವುವುದು ನೆಲದ ಎತ್ತರದಲ್ಲಿ. ಮನುಷ್ಯನ ಕಣ್ಣಿನ ಎತ್ತರ 1.6 ಮೀಟರ್ ಅಂತಿಟ್ಟುಕೊಂಡರೆ 1/35ರಲ್ಲಿ 46, 1/48ರಲ್ಲಿ 33, 1/72ರಲ್ಲಿ 22 ಮಿ.ಮೀ. ಆ ಮೂರೂ ಕಣ್ಣುಗಳು ಒಂದೇ ಗೆರೆಗೆ ಬರಬೇಕು. ಹಾಗಾಗಿ ನಡುವಿನ ನೆಲವನ್ನು 13, ಹಿಂದಿನದನ್ನು 24 ಮಿ.ಮೀ. ಎತ್ತರಿಸಿ. ಅಳತೆ ಬದಲಾಗುವ ಗೆರೆಯನ್ನು ಇಟ್ಟಿಗೆ ರಾಶಿಯ ಹಿಂದೆ ಮರೆಮಾಡಿ. ಮೂರು ಕಡೆ ಮುಚ್ಚಿ ಮುಂದಿನಿಂದ ಮಾತ್ರ ನೋಡುವ ಪೆಟ್ಟಿಗೆಯಲ್ಲಿಟ್ಟರೆ ಮಾತ್ರ ಇದು ಸಾಧ್ಯ.

ಕಣ್ಣಿಗೆ ಚೆನ್ನಾಗಿದೆ, ಫೋಟೊ ತೆಗೆದರೆ ಆಟಿಕೆ ಥರ ಕಾಣತ್ತೆ.

ನೀವು ಮೇಲಿನಿಂದ ತೆಗೆಯುತ್ತಿದ್ದೀರಿ, ಅದು ವಿಮಾನದವನ ನೋಟ. ಮೊಬೈಲನ್ನು ತಲೆಕೆಳಗಾಗಿ ಹಿಡಿದು ಲೆನ್ಸ್ ನೆಲದಿಂದ 46 ಮಿ.ಮೀ. ಎತ್ತರಕ್ಕೆ ತನ್ನಿ, ಬೀದಿಯಲ್ಲಿ ನಿಂತವನ ನೋಟ ಸಿಗುತ್ತದೆ. ಬೆಳಕು ಒಂದೇ ಕಡೆಯಿಂದ ಬರಲಿ, ಟ್ಯೂಬ್‌ಲೈಟ್ ಆರಿಸಿ. ಬೆಳಗಿನ ಎಂಟು ಗಂಟೆಯ ಕಿಟಕಿ ಬಿಸಿಲಿನಷ್ಟು ಒಳ್ಳೆಯ ಲೈಟು ನನಗೆ ಸಿಕ್ಕಿಲ್ಲ.

ನಮ್ಮದು ಮಂಗಳೂರು ಕಡೆ. ಮಳೆಗಾಲದಲ್ಲಿ ನೆಲಕ್ಕೆಲ್ಲ ಬೂಷ್ಟು ಬಂದು ಹಾಳಾಯಿತು. ಉಳಿಸೋದು ಹೇಗೆ?

ನಿಜವಾದ ಮಣ್ಣು, ಬಳಸಿದ ಟೀ ಪುಡಿ, ಒಣಗಿದ ಎಲೆ ಹಾಕಿದ್ದರೆ ಬೂಷ್ಟು ಅಲ್ಲಿಂದಲೇ ಹುಟ್ಟಿರುತ್ತದೆ. ಮಣ್ಣನ್ನು ಬಾಣಲೆಯಲ್ಲಿ ಚೆನ್ನಾಗಿ ಹುರಿದು ಬಳಸಿ, ಟೀ ಪುಡಿ ಬಿಟ್ಟೇಬಿಡಿ. ಪಿಒಪಿ ಪೂರ್ತಿ ಒಣಗಲು ವಾರ ಹತ್ತು ದಿನ ಬೇಕು, ಒಣಗುವ ಮುನ್ನ ಬಣ್ಣ ಹಚ್ಚಿದರೆ ತೇವ ಒಳಗೇ ಉಳಿಯುತ್ತದೆ. ಆದ್ದರಿಂದ ಕರಾವಳಿಯವರು ಎರಕದ ಕೆಲಸವನ್ನು ಜನವರಿಯಿಂದ ಮೇ ಒಳಗೆ ಮುಗಿಸಿಕೊಳ್ಳಿ, ಬೊಂಬೆಗೆ ಬಣ್ಣ ಹಚ್ಚುವುದನ್ನು ಮಳೆಗಾಲಕ್ಕೆ ಇಟ್ಟುಕೊಳ್ಳಿ. ತಳದ ಹಲಗೆಗೆ ಎರಡೂ ಕಡೆ ವಾರ್ನಿಷ್, ಮೇಲೆ ಅಕ್ರಿಲಿಕ್ ಪೆಟ್ಟಿಗೆ, ಒಳಗೆ ಮೂಲೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ. ಈಗ ಬಂದಿರುವ ಬೂಷ್ಟನ್ನು ಒಣ ಬ್ರಷ್‌ನಲ್ಲಿ ತೆಗೆದು, ಸರ್ಜಿಕಲ್ ಸ್ಪಿರಿಟ್ ಅದ್ದಿದ ಹತ್ತಿಯಿಂದ ಒತ್ತಿ. ಉಜ್ಜಬೇಡಿ, ಅಕ್ರಿಲಿಕ್ ಬಣ್ಣ ಕೂಡ ಸ್ಪಿರಿಟ್‌ಗೆ ಎದ್ದುಬರುತ್ತದೆ. ಮೊದಲು ಹಿಂಭಾಗದ ಒಂದು ಇಟ್ಟಿಗೆಯ ಮೇಲೆ ಪರೀಕ್ಷಿಸಿ ನೋಡಿ.